ಜಲಾಶಯದ ಪಟ್ಟಿಯಲ್ಲಿ ಮಣ್ಣಿಗೂ ಒಂದು ಕಾಲಂ ಇರಲಿ

ಮುಂಗಾರು ಹಿಡಿಯಿತೆಂದರೆ ಎಲ್ಲ ಪತ್ರಿಕೆಗಳಲ್ಲೂ ಒಂದು ಚಿಕ್ಕ ಪಟ್ಟಿ ಕಾಣಿಸಿಕೊಳ್ಳುತ್ತದೆ. ಕೆಆರ್‌ಎಸ್, ಕಬಿನಿ, ಭದ್ರಾ, ತುಂಗಭದ್ರಾ, ಲಿಂಗನಮಕ್ಕಿ, ಆಲಮಟ್ಟಿ. ಗರಿಷ್ಠ ಮಟ್ಟ ಇಷ್ಟು, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯುಸೆಕ್, ಹೊರಹರಿವು ಇಷ್ಟು. ನಮ್ಮ ಕಡೆ ಪೇಪರ್ ಕೈಗೆ ಬಂದ ಕೂಡಲೇ ಆ ಪಟ್ಟಿ ಇರುವ ಪುಟ ತೆರೆಯುವವರು ಬಹಳ. ನಾಲೆಗೆ ನೀರು ಯಾವಾಗ, ನಾಟಿ ಯಾವಾಗ ಎಂಬುದೆಲ್ಲ ಅದರಲ್ಲಿದೆ.

ಆದರೆ ಅದು ಅರ್ಧ ಲೆಕ್ಕ. ಬಂದ ನೀರಿನ ಲೆಕ್ಕವಿದೆ, ನೀರಿನೊಳಗೆ ಬಂದ ಮಣ್ಣಿನ ಲೆಕ್ಕವಿಲ್ಲ. ಒಂದು ಲಕ್ಷ ಕ್ಯುಸೆಕ್ ಒಳಹರಿವು ಎಂದು ದಪ್ಪಕ್ಷರದಲ್ಲಿ ಅಚ್ಚಾದ ದಿನ ಲೀಟರಿಗೆ ಬರೀ ಒಂದು ಗ್ರಾಂ ಮಣ್ಣಿದ್ದರೂ ಸೆಕೆಂಡಿಗೆ ಸುಮಾರು 2.8 ಟನ್ ಮಣ್ಣು ಜಲಾಶಯದ ಹೊಟ್ಟೆಗೆ ಇಳಿಯುತ್ತದೆ. ದಿನವಿಡೀ ಹಾಗೆ ಹರಿದರೆ ಹೆಚ್ಚು ಕಡಿಮೆ ಎರಡೂವರೆ ಲಕ್ಷ ಟನ್. ನೀರು ಬೇಸಿಗೆಯೊಳಗೆ ಖಾಲಿಯಾಗುತ್ತದೆ. ಮಣ್ಣು ಅಲ್ಲೇ ಕೂರುತ್ತದೆ. ಹೋಗುವುದನ್ನು ದಿನಾ ಎಣಿಸಿ, ಉಳಿಯುವುದನ್ನು ಎಣಿಸದೆ ಬಿಡುವ ಈ ಪದ್ಧತಿ ನನಗೆ ಎಂದೂ ಅರ್ಥವಾಗಿಲ್ಲ. ಆ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿ ಎಂದು ಕೇಳಲು ಈ ಬರಹ.

ನಾನು ಹರಿಹರಕ್ಕೂ ಹೊಸಪೇಟೆಗೂ ನಡುವೆ, ಹೊಳೆದಂಡೆಯ ಒಂದು ಊರಿನ ಫಿಲ್ಟರ್ ಹೌಸಿನಲ್ಲಿ ದುಡಿದು ನಿವೃತ್ತನಾದವನು. ತುಂಗಭದ್ರೆಯ ನೀರನ್ನು ಜಾಕ್‌ವೆಲ್‌ನಿಂದ ಎತ್ತಿ, ಆಲಂ ಹಾಕಿ, ಮಣ್ಣು ಕೂರಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಬಿಟ್ಟು ಮೇಲಿನ ಟ್ಯಾಂಕಿಗೆ ಏರಿಸುವ ಕೆಲಸ. ಊರಿಗೆ ನಮ್ಮ ನೆನಪಾಗುವುದು ನೀರು ಬಾರದ ದಿನ, ಇಲ್ಲವೇ ಕೆಂಪಗೆ ಬಂದ ದಿನ. ಮೃಗಶಿರಾ ಮಳೆಗೆ ಹೊಳೆಗೆ ಹೊಸ ನೀರು ಬಂದಾಗ ನಮ್ಮ ಓಣಿಯ ಅಜ್ಜಿಯೊಬ್ಬರು ಗೇಟಿನ ಮುಂದೆ ನಿಂತು ಕೊಡ ತೋರಿಸಿ ಹೇಳುತ್ತಿದ್ದರು: "ನಳದಾಗ ಚಾ ಬಿಟ್ಟಿಯಲ್ಲೋ ತಮ್ಮಾ, ಸಕ್ರೀನೂ ಹಾಕಿ ಬಿಡು." ನಗದೆ ಇರಲಾಗುತ್ತಿರಲಿಲ್ಲ. ಬೈಗುಳವೂ ಅದರೊಳಗೇ ಇತ್ತು.

ಮಣ್ಣು ನೀರಿನಲ್ಲಿ ಯಾಕೆ ತೇಲುತ್ತದೆ ಎಂಬ ಪ್ರಶ್ನೆ ಸಣ್ಣದಲ್ಲ. ಮಣ್ಣು ನೀರಿಗಿಂತ ಎರಡೂವರೆ ಪಟ್ಟು ಭಾರ. ಮುಳುಗಲೇಬೇಕು, ಮುಳುಗುತ್ತದೆ ಕೂಡ. ಆದರೆ ಎಷ್ಟು ಹೊತ್ತಿಗೆ? ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1851ರಲ್ಲೇ ಇದರ ಲೆಕ್ಕ ಕೊಟ್ಟಿದ್ದಾರೆ: ಕಣದ ಅಡ್ಡಳತೆ ಹತ್ತರಲ್ಲೊಂದು ಪಾಲಾದರೆ ಅದು ಇಳಿಯುವ ವೇಗ ನೂರರಲ್ಲೊಂದು ಪಾಲಾಗುತ್ತದೆ. ಅಲುಗಾಡದ ನೀರಿನಲ್ಲಿ ಒಂದು ಮೀಟರ್ ಆಳಕ್ಕೆ ಇಳಿಯಲು ಮಿಲಿಮೀಟರಿನ ಹತ್ತನೇ ಒಂದರಷ್ಟಿರುವ ನುಣುಪು ಮರಳಿಗೆ ಎರಡು ನಿಮಿಷ ಸಾಕು. ಅದರ ಹತ್ತನೇ ಒಂದರಷ್ಟಿರುವ ಗೋಡು ಕಣಕ್ಕೆ ಮೂರು ಗಂಟೆ ಬೇಕು. ಇನ್ನೂ ಹತ್ತು ಪಟ್ಟು ಸಣ್ಣದಾದ ಜೇಡಿ ಕಣಕ್ಕೆ ಹತ್ತು ಹನ್ನೆರಡು ದಿನವೂ ಸಾಲದು. ಅದಕ್ಕಿಂತ ಸಣ್ಣವು ಇಳಿಯುವ ಮಾತೇ ಆಡಬೇಡಿ. ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದಿ ಗುದ್ದಿ ಅವನ್ನು ಅಲೆದಾಡಿಸುತ್ತಲೇ ಇರುತ್ತವೆ. ಸಾಲದ್ದಕ್ಕೆ ಜೇಡಿಯ ಕಣಗಳ ಮೈಮೇಲೆ ಋಣ ವಿದ್ಯುದಂಶ. ಒಂದನ್ನೊಂದು ಹತ್ತಿರ ಸೇರಿಸಿಕೊಳ್ಳುವುದಿಲ್ಲ. ಕೂಡಿದರೆ ದಪ್ಪವಾಗಿ ಮುಳುಗಿಬಿಡುತ್ತಿದ್ದವು, ಕೂಡಲು ಒಲ್ಲವು.

ಆಲಂ ಮಾಡುವುದು ಈ ಸಂಧಾನವನ್ನೇ. ಅಲ್ಯುಮಿನಿಯಂನ ಮೂರು ಧನಾಂಶಗಳು ಜೇಡಿಯ ಮೈಮೇಲಿನ ಋಣಾಂಶವನ್ನು ಕಳೆಯುತ್ತವೆ. ಕಣಗಳು ಒಂದಕ್ಕೊಂದು ಅಂಟಿ ಹತ್ತಿಯಂಥ ಚೂರುಗಳಾಗಿ, ನಮ್ಮ ಭಾಷೆಯಲ್ಲಿ ಫ್ಲಾಕ್ ಆಗಿ, ಕೆಳಗಿಳಿಯುತ್ತವೆ. ಬಾವಿಯ ನೀರಿಗೆ ಸ್ಫಟಿಕದ ಕಲ್ಲು ಅದ್ದಿ ತಿರುಗಿಸುತ್ತಿದ್ದ ಹಿರಿಯರು ಮಾಡುತ್ತಿದ್ದದ್ದೂ ಇದನ್ನೇ. ಚಿಲ್ಲದ ಬೀಜವನ್ನು ಮಣ್ಣಿನ ಗಡಿಗೆಯ ಒಳಮೈಗೆ ತೇಯ್ದು ನೀರು ತಿಳಿ ಮಾಡುವ ರೂಢಿಯೂ ನಮ್ಮಲ್ಲಿತ್ತು. ನದಿ ಸಮುದ್ರ ಸೇರುವಲ್ಲಿ ಉಪ್ಪು ಇದೇ ಕೆಲಸ ಮಾಡುತ್ತದೆ. ಸಿಹಿ ನೀರಿನಲ್ಲಿ ನೂರಾರು ಮೈಲಿ ತೇಲಿ ಬಂದ ಜೇಡಿ ಉಪ್ಪು ನೀರು ತಾಗಿದಲ್ಲೇ ಕುಸಿದು ಕೂರುತ್ತದೆ.

ಎಷ್ಟು ಆಲಂ ಹಾಕಬೇಕು ಎಂಬುದಕ್ಕೆ ಪುಸ್ತಕದಲ್ಲಿ ಉತ್ತರವಿಲ್ಲ. ಅದಕ್ಕೇ ಜಾರ್ ಟೆಸ್ಟ್. ಆರು ಬೀಕರುಗಳಿಗೆ ಅದೇ ಹೊಳೆನೀರು ತುಂಬಿ, ಒಂದೊಂದಕ್ಕೆ ಒಂದೊಂದು ಅಳತೆಯ ಆಲಂ ಬಿಟ್ಟು, ಮೊದಲು ಜೋರಾಗಿ, ಆಮೇಲೆ ಮೆಲ್ಲಗೆ ತಿರುಗಿಸಿ, ಅರ್ಧ ಗಂಟೆ ಬಿಟ್ಟು ನೋಡಬೇಕು. ಯಾವ ಬೀಕರಿನ ನೀರು ಮೊದಲು ತಿಳಿಯಾಯಿತೋ ಅದು ಆ ಹೊತ್ತಿನ ಲೆಕ್ಕ. ಸಂಜೆಗೆ ಮೇಲೆಲ್ಲೋ ಮಳೆ ಬಿದ್ದರೆ ಆ ಲೆಕ್ಕ ಹಳೆಯದು. ಹೊರಗಿನವರಿಗೆ ಹೇಳಿದರೆ ನಂಬದ ಸಂಗತಿಯೊಂದಿದೆ: ತೀರಾ ಕೆಂಪಾದ ನೀರು ತಿಳಿ ಮಾಡಲು ಸುಲಭ. ಕಣಗಳು ಹೇರಳವಾಗಿರುವುದರಿಂದ ಒಂದಕ್ಕೊಂದು ಡಿಕ್ಕಿ ಹೊಡೆದು ಬೇಗ ಕೂಡುತ್ತವೆ. ಸತಾಯಿಸುವುದು ಚಳಿಗಾಲದ ತೆಳು ಬಗ್ಗಡ. ಇನ್ನು ಎರೆಹೊಲಗಳ ಹಳ್ಳ ತುಂಬಿ ಬಂದಾಗ ಹೊಳೆಗೆ ಬೂದು ಬಣ್ಣ ಬರುತ್ತದಲ್ಲ, ಅದು ಎಲ್ಲಕ್ಕಿಂತ ಹಟಮಾರಿ. ಎರೆಮಣ್ಣಿನ ಜೇಡಿ ಕೆಮ್ಮಣ್ಣಿನ ಜೇಡಿಗಿಂತ ಬಲು ನುಣುಪು, ನೀರಿನಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಂಡು ನಿಂತುಬಿಡುತ್ತದೆ. ಊರಿನವರು ಕೆಂಪು ನೀರಿಗೆ ಹೆದರುತ್ತಾರೆ. ನಾವು ಹೆದರುತ್ತಿದ್ದದ್ದು ಬೂದು ನೀರಿಗೆ.

ನಾನು ಸೇರಿದ ಕಾಲಕ್ಕೆ ನಮ್ಮಲ್ಲಿದ್ದದ್ದು ಮೇಣದಬತ್ತಿಯ ಉಪಕರಣ. ಉರಿಯುವ ಬತ್ತಿಯ ಮೇಲೆ ಉದ್ದನೆಯ ಗಾಜಿನ ಕೊಳವೆ ನಿಲ್ಲಿಸಿ, ಮೇಲಿನಿಂದ ಇಣುಕುತ್ತ ನೀರು ಸುರಿಯುತ್ತ ಹೋಗುವುದು. ಜ್ವಾಲೆ ಎಲ್ಲಿ ಕಾಣದಾಯಿತೋ ಅಲ್ಲಿ ನಿಲ್ಲಿಸಿ ಕೊಳವೆಯ ಗೆರೆ ಓದುವುದು. ಆಮೇಲೆ ವಿದ್ಯುತ್ ಮೀಟರ್ ಬಂತು. ನೀರಿನೊಳಗೆ ಬೆಳಕು ಹಾಯಿಸಿ, ಕಣಗಳಿಗೆ ತಾಗಿ ಅಡ್ಡಕ್ಕೆ ಚದುರಿದ ಬೆಳಕೆಷ್ಟು ಎಂದು ಅಳೆದು ಎನ್‌ಟಿಯು ಎಂಬ ಅಂಕಿಯಲ್ಲಿ ಹೇಳುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 1 ಎನ್‌ಟಿಯು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 5ರವರೆಗೆ ನಡೆದೀತು.

ಈ ಮಿತಿ ಬರೀ ಕಣ್ಣಿಗೆ ಚೆಂದ ಕಾಣಲಿ ಎಂದು ಇಟ್ಟದ್ದಲ್ಲ. ಮಣ್ಣಿನ ಕಣದ ಮರೆಯಲ್ಲಿ ರೋಗಾಣು ಅಡಗಿ ಕೂತರೆ ಕ್ಲೋರಿನ್ ಅದನ್ನು ಮುಟ್ಟಲಾರದು. ಕೆಲವಕ್ಕೆ ಮರೆಯೂ ಬೇಡ, ಕ್ಲೋರಿನ್ನಿಗೇ ಅವು ಜಗ್ಗುವುದಿಲ್ಲ. ಅಂಥದ್ದನ್ನು ಮರಳಿನಲ್ಲಿ ಸೋಸಿಯೇ ತಡೆಯಬೇಕು, ಸೋಸುವುದು ಕೈಕೊಟ್ಟಿತೆಂದು ಮೊದಲು ಹೇಳುವುದೂ ಈ ಅಂಕಿಯೇ. 1993ರಲ್ಲಿ ಅಮೆರಿಕದ ಮಿಲ್ವಾಕೀ ನಗರದಲ್ಲಿ ಸೋಸಿದ ನೀರಿನ ಬಗ್ಗಡ ಎರಡು ಎನ್‌ಟಿಯುಗೂ ಮುಟ್ಟದಷ್ಟು ಏರಿದ್ದಾಗ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ನಲ್ಲಿಗಳಿಗೆ ನುಗ್ಗಿ ಸುಮಾರು 4 ಲಕ್ಷ ಜನ ಹೊಟ್ಟೆ ಕೆಟ್ಟು ಮಲಗಿದರು. ಎರಡು ಎನ್‌ಟಿಯು ನೀರು ಲೋಟದಲ್ಲಿ ಹಿಡಿದರೆ ನಿಮಗೂ ನನಗೂ ತಿಳಿಯಾಗಿಯೇ ಕಾಣುತ್ತದೆ. ಅಜ್ಜಿಯ ಕಣ್ಣಿಗೆ ಬೀಳುವ ಕೆಂಪು ನೀರನ್ನು ಅವರು ಹೇಗೂ ಬೈದು ಚೆಲ್ಲುತ್ತಾರೆ. ಕಣ್ಣಿಗೆ ಬೀಳದ್ದನ್ನು ಅಂಕಿಯೇ ಹೇಳಬೇಕು. ಆ ಅಂಕಿ ಇರುವುದು ಫಿಲ್ಟರ್ ಹೌಸಿನ ಲಾಗ್‌ಬುಕ್ಕಿನಲ್ಲಿ ಮಾತ್ರ.

ಈಗ ಜಲಾಶಯಕ್ಕೆ ಬರೋಣ. ತುಂಗಭದ್ರಾ ಅಣೆಕಟ್ಟೆಯಲ್ಲಿ ನೀರು ನಿಂತದ್ದು 1953ರಲ್ಲಿ. ಆಗ ಅದರ ಸಾಮರ್ಥ್ಯ ಸುಮಾರು 132.5 ಟಿಎಂಸಿ ಅಡಿ. 2016ರ ಸಮೀಕ್ಷೆಯ ಪ್ರಕಾರ ಉಳಿದದ್ದು 105.788. ಹೂಳು ನುಂಗಿದ್ದು 27 ಟಿಎಂಸಿಗೆ ತುಸು ಕಡಿಮೆ. ಕಬಿನಿಯ ಪೂರ್ಣ ಸಾಮರ್ಥ್ಯವೇ 19.52 ಟಿಎಂಸಿ. ಅಂದರೆ ಒಂದು ಇಡೀ ಕಬಿನಿಗಿಂತ ಹೆಚ್ಚು ಜಾಗದಲ್ಲಿ ಮಣ್ಣು ಕೂತಿದೆ. ಇನ್ನೂ ಒಂದು ತಮಾಷೆ: ಅದಕ್ಕೂ ಹಿಂದಿನ ಸಮೀಕ್ಷೆ ಉಳಿದ ಸಾಮರ್ಥ್ಯವನ್ನು 100.855 ಎಂದಿತ್ತು. ಹೂಳು ತಾನಾಗಿ ಎದ್ದು ಹೋಗುವ ಪೈಕಿಯಲ್ಲ, ಅಳತೆಯಲ್ಲೇ ಹೆಚ್ಚುಕಡಿಮೆ ಇರಬೇಕು. ಸುಮಾರು ಐದು ಟಿಎಂಸಿ ವ್ಯತ್ಯಾಸವೆಂದರೆ ಕೆಳಭಾಗದ ರೈತರ ಪಾಲಿಗೆ ಅದು ಅಂಕಿಯ ಆಟವಲ್ಲ. ಎಷ್ಟೋ ವರ್ಷಕ್ಕೊಮ್ಮೆ ದೋಣಿ ಬಿಟ್ಟು ತಳ ಅಳೆದರೆ ಇಷ್ಟೇ ಆಗುವುದು.

ಚುನಾವಣೆ ಬಂದಾಗಲೆಲ್ಲ "ಹೂಳೆತ್ತಿ" ಎಂಬ ಕೂಗು ಏಳುತ್ತದೆ. ಕೂಗುವವರ ಸಂಕಟ ನಿಜ, ಹೇಳುವ ಉಪಾಯ ಮಾತ್ರ ಲೆಕ್ಕಕ್ಕೆ ನಿಲ್ಲುವುದಿಲ್ಲ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಕೂತಿರುವ ಹೂಳು 75 ಕೋಟಿ ಘನ ಮೀಟರಿನಷ್ಟು. ಒಂದು ಟಿಪ್ಪರಿಗೆ ಹತ್ತು ಘನ ಮೀಟರ್ ಹಿಡಿಯಿರಿ, ದಿನಕ್ಕೆ ಸಾವಿರ ಲೋಡು ಸಾಗಿಸಿರಿ. ಇನ್ನೂರು ವರ್ಷ ಬೇಕು. ಅಷ್ಟರೊಳಗೆ ಹೊಸ ಹೂಳು ಸುಮ್ಮನಿರುತ್ತದೆಯೇ? 1953ರಿಂದ 2016ರವರೆಗಿನ ಸರಾಸರಿ ಹಿಡಿದರೆ ವರ್ಷಕ್ಕೆ ಸುಮಾರು 1.2 ಕೋಟಿ ಘನ ಮೀಟರ್ ಬಂದು ಸೇರಿದೆ. ಇದ್ದ ಹೂಳು ಇದ್ದಷ್ಟೇ ಇರಬೇಕೆಂದರೂ ವರ್ಷದ ಮುನ್ನೂರ ಅರವತ್ತೈದು ದಿನವೂ ದಿನಕ್ಕೆ ಮೂರು ಸಾವಿರಕ್ಕೂ ಮೇಲೆ ಟಿಪ್ಪರ್ ಓಡಬೇಕು. ಎತ್ತಿದ್ದನ್ನು ಎಲ್ಲಿ ಸುರಿಯುತ್ತೀರಿ ಎಂದು ಕೇಳಿದರೆ ವೇದಿಕೆಯ ಮೇಲಿನವರು ಮೈಕು ಪಕ್ಕದವರಿಗೆ ಕೊಡುತ್ತಾರೆ. ಊರಿನ ಕೆರೆಯ ಹೂಳು ಬೇರೆ ಮಾತು. ಅದನ್ನು ರೈತರು ಎತ್ತಿನ ಗಾಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆದು ಬಂಗಾರ ಬೆಳೆದಿದ್ದಾರೆ, ಈಗಲೂ ಹೊಡೆಯಲಿ. ಜಲಾಶಯ ಕೆರೆಯಲ್ಲ.

ಇನ್ನೊಂದು ಉಪಾಯ ನವಲಿ. ಕಳೆದುಹೋದ ಸಾಮರ್ಥ್ಯಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ಕಟ್ಟುವ ಪ್ರಸ್ತಾಪ. ಹೊಳೆ ಮೂರು ರಾಜ್ಯಗಳದ್ದು, ಆಂಧ್ರ ಮತ್ತು ತೆಲಂಗಾಣ ಒಪ್ಪಬೇಕು. ಆದರೆ ಆಗಲಿ, ನನ್ನ ವಿರೋಧವಿಲ್ಲ. ಆದರೆ ನವಲಿಗೆ ಹರಿಸುವುದು ಇದೇ ಪ್ರವಾಹದ ನೀರನ್ನು. ಮರಳು, ದಪ್ಪ ಗೋಡು ದೊಡ್ಡ ಜಲಾಶಯದ ಬಾಯಲ್ಲೇ ಕೂತಿರಬಹುದು, ಆದರೆ ಸಣ್ಣ ಜೇಡಿಯನ್ನು ತಡೆಯುವ ಗೇಟು ಇಲ್ಲ. ಅಷ್ಟು ಕೋಟಿ ಸುರಿಯುವ ಮುಂಚೆ ಯಾವ ತಿಂಗಳ ನೀರಿನಲ್ಲಿ ಎಷ್ಟು ಮಣ್ಣಿರುತ್ತದೆ, ಯಾವ ವಾರ ನಾಲೆಗೆ ಬಿಟ್ಟರೆ ಕಡಿಮೆ ಮಣ್ಣು ಹೋಗುತ್ತದೆ ಎಂದು ತಿಳಿಯಬೇಡವೇ? ದಿನದ ಅಂಕಿ ಇಲ್ಲದೆ ಅದು ತಿಳಿಯುವುದಿಲ್ಲ.

ಮಣ್ಣು ಬರುವುದು ಎಲ್ಲಿಂದ ಎಂಬುದಕ್ಕೂ ಅದೇ ಅಂಕಿ ಬೇಕು. ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಸೇರುತ್ತವೆ. ಭದ್ರೆಯನ್ನು ಲಕ್ಕವಳ್ಳಿಯ ದೊಡ್ಡ ಜಲಾಶಯ ತಡೆದು ನಿಲ್ಲಿಸುತ್ತದೆ, ಅದರ ಮಣ್ಣಿನ ಬಹುಪಾಲು ಅಲ್ಲೇ ಕೂರುತ್ತದೆ. ತುಂಗೆಗೆ ಗಾಜನೂರಿನಲ್ಲಿರುವುದು ಮೂರು ಟಿಎಂಸಿ ಚಿಲ್ಲರೆಯ ಸಣ್ಣ ಅಣೆ, ಪ್ರವಾಹದ ದಿನ ಅದರ ಮೇಲೆ ನೀರು ಹಾಗೇ ದಾಟಿ ಹೋಗುತ್ತದೆ. ಕೆಳಗೆ ಹರಿಹರದಲ್ಲಿ ಹರಿದ್ರಾ, ಗಳಗನಾಥದ ಬಳಿ ವರದಾ. ಗುಡ್ಡ ಬಗೆದು ಶುಂಠಿ ಹಾಕಿದ ಇಳಿಜಾರು, ರಸ್ತೆ ಅಗಲಿಸಲು ಜೆಸಿಬಿ ಕೊರೆದ ದರೆ, ಹಳ್ಳದ ದಂಡೆಯ ಮರಳು ಬಗೆತ, ಉತ್ತು ಬಿಟ್ಟ ಬರಿ ಹೊಲ, ಎಲ್ಲದರ ಮೇಲೂ ನನಗೆ ಅನುಮಾನವಿದೆ. ಅನುಮಾನದ ಮೇಲೆ ಯಾರನ್ನು ಹಿಡಿದು ಕೇಳುವುದು? ಒಂದೊಂದು ಉಪನದಿಯ ಬಾಯಲ್ಲಿ ದಿನಾ ಒಂದು ಬಾಟಲಿ ನೀರು ತೆಗೆದರೆ ಯಾವ ದಿನ ಯಾವ ಕಣಿವೆ ಕರಗಿತು ಎಂದು ಬೆರಳಿಟ್ಟು ತೋರಿಸಬಹುದು.

ಹಾಗೆ ತೋರಿಸಿದ ಉದಾಹರಣೆ ನಮ್ಮಲ್ಲೇ ಇದೆ. ಭದ್ರೆಯ ನೆತ್ತಿಯಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ ಇತ್ತು. ಅದಿರನ್ನು ನುಣ್ಣಗೆ ಅರೆದು, ನೀರಿನಲ್ಲಿ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಸಾಗಿಸುತ್ತಿದ್ದರು. ಎಂಜಿನಿಯರಿಂಗ್ ದೃಷ್ಟಿಯಿಂದ ಅಚ್ಚುಕಟ್ಟು ಕೆಲಸ, ಅದನ್ನು ಮೆಚ್ಚದೆ ಇರಲಾರೆ. ಉಳಿದ ಕಸುಮಣ್ಣಿಗೆ ಲಕ್ಯಾ ಅಣೆಕಟ್ಟು ಕಟ್ಟಿದರು. ಆದರೆ ವರ್ಷಕ್ಕೆ ಐದಾರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗದಲ್ಲಿ ಗುಡ್ಡದ ಚರ್ಮ ಸುಲಿದರೆ ಹೊಳೆ ಕೆಂಪಾಗದೆ ಇರುತ್ತದೆಯೇ? ಪರಿಸರ ವಿಜ್ಞಾನಿಗಳು ಮಳೆಗಾಲದ ಭದ್ರೆಯ ನೀರು ಹಿಡಿದು ಹೂಳು ಅಳೆದರು. ಕಣಿವೆಯ ಅತಿ ಚಿಕ್ಕ ತುಂಡಾಗಿದ್ದ ಗಣಿ ಪ್ರದೇಶ ಹೊಳೆಯ ಹೂಳಿಗೆ ತನ್ನ ವಿಸ್ತೀರ್ಣವನ್ನು ಎಷ್ಟೋ ಮೀರಿದ ಪಾಲು ಕೊಡುತ್ತಿದೆ ಎಂದು ಆ ಅಳತೆ ತೋರಿಸಿತು. 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂತು, 2005ರ ಕೊನೆಗೆ ಗಣಿ ನಿಂತಿತು. ಹೊಳೆ ಕೆಂಪಾಗಿದೆ ಎಂದು ಕಳಸದವರು, ಬಾಳೆಹೊಳೆಯವರು ಬೊಬ್ಬೆ ಹೊಡೆದರೆ ಮಳೆಗಾಲದಲ್ಲಿ ಯಾವ ಹೊಳೆ ಕೆಂಪಾಗುವುದಿಲ್ಲ ಎಂದು ಬಾಯಿ ಮುಚ್ಚಿಸಬಹುದು. ಲೀಟರಿಗೆ ಇಷ್ಟು ಗ್ರಾಂ ಎಂದರೆ ಅಷ್ಟು ಸುಲಭಕ್ಕೆ ಮುಚ್ಚಿಸಲಾಗದು.

ಕೇಂದ್ರ ಜಲ ಆಯೋಗ ನದಿಗಳ ಕೆಲವು ಠಾಣೆಗಳಲ್ಲಿ ತೇಲುಮಣ್ಣನ್ನು ಅಳೆಯುತ್ತದೆ, ನಿಜ. ಬಾಟಲಿ ಇಳಿಸಿ ನೀರು ತೆಗೆದು, ಸೋಸಿ, ಒಣಗಿಸಿ, ತೂಗಿ, ದಪ್ಪ, ಮಧ್ಯಮ, ಸಣ್ಣ ಎಂದು ವಿಂಗಡಿಸಿ ಬರೆದಿಡುತ್ತಾರೆ. ಒಳ್ಳೆಯ ಕೆಲಸ. ಆದರೆ ಅದು ವಾರ್ಷಿಕ ವರದಿಯ ಹಾಳೆಗಳಲ್ಲಿ ಹೋಗಿ ಕೂರುತ್ತದೆ. ಒಳಹರಿವಿನ ಅಂಕಿ ಅದೇ ದಿನ ಸಂಜೆ ಪತ್ರಕರ್ತರ ಮೊಬೈಲಿಗೆ ಬರುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಗಂಟೆ ಗಂಟೆಗೂ ಕ್ಯುಸೆಕ್ ಲೆಕ್ಕ ಬರುತ್ತಿತ್ತು. ಗೇಟು ಒಡೆದು ಹೋದದ್ದು ಕಣ್ಣಿಗೆ ಕಂಡಿತು, ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ತಡೆದೂ ಬಿಟ್ಟರು. ತಳದಲ್ಲಿ ಹೂಳು ನುಂಗಿದ ಸಾಮರ್ಥ್ಯ ಕಣ್ಣಿಗೆ ಕಾಣದು, ಅದಕ್ಕೆ ಒಂದು ದಿನವೂ ಮುಖಪುಟದಲ್ಲಿ ಜಾಗ ಸಿಕ್ಕಿಲ್ಲ.

ಖರ್ಚಿನ ಮಾತು ಎತ್ತುವವರಿಗೆ ಹೇಳುತ್ತೇನೆ. ಹೊಳೆ ದಂಡೆಯ ಒಂದೊಂದು ಊರಿನ ಫಿಲ್ಟರ್ ಹೌಸಿನಲ್ಲೂ ಟರ್ಬಿಡಿಟಿ ಮೀಟರ್ ಇದೆ, ಇರಲೇಬೇಕು. ಬಂದ ನೀರಿನ ಅಂಕಿ, ಬಿಟ್ಟ ನೀರಿನ ಅಂಕಿ ಎರಡನ್ನೂ ಪ್ರತಿ ಪಾಳಿಯಲ್ಲಿ ಲಾಗ್‌ಬುಕ್ಕಿಗೆ ಬರೆಯುವುದೇ ನಮ್ಮ ಕೆಲಸ. ಶಿವಮೊಗ್ಗ, ಹೊನ್ನಾಳಿ, ಹರಿಹರದಿಂದ ಕಂಪ್ಲಿಯವರೆಗೆ ಹೊಳೆಯ ಉದ್ದಕ್ಕೂ ಅಳತೆ ಆಗಲೇ ನಡೆದಿದೆ. ಬೆಳಿಗ್ಗೆ ಎಂಟಕ್ಕೆ ಎರಡು ಅಂಕಿಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಆಯಿತು. ಎನ್‌ಟಿಯು ಬೆಳಕಿನ ಅಳತೆ, ಗ್ರಾಂ ಅಲ್ಲ, ಕೆಮ್ಮಣ್ಣಿಗೂ ಎರೆಮಣ್ಣಿಗೂ ಲೆಕ್ಕ ಬೇರೆಯಾಗುತ್ತದೆ ಎಂದು ತಿಳಿದವರು ತಕರಾರು ತೆಗೆಯಬಹುದು. ಸರಿಯೇ. ಅದಕ್ಕೆ ವಾರಕ್ಕೊಮ್ಮೆ ಅದೇ ನೀರನ್ನು ಸೋಸುಕಾಗದದಲ್ಲಿ ಸೋಸಿ, ಓವನ್ನಿನಲ್ಲಿ 105 ಡಿಗ್ರಿಗೆ ಒಣಗಿಸಿ ತೂಗಿದರೆ ಆಯಾ ಹೊಳೆಗೆ, ಆಯಾ ಕಾಲಕ್ಕೆ ಎರಡರ ನಂಟು ಸಿಗುತ್ತದೆ. ಜಿಲ್ಲೆಗೊಂದು ಪ್ರಯೋಗಾಲಯ ಸಾಕು. ಉಪನದಿಗಳ ದಂಡೆಯ ಹೈಸ್ಕೂಲುಗಳಿಗೆ ತಳದಲ್ಲಿ ಕಪ್ಪು ಗುರುತಿರುವ ಉದ್ದನೆಯ ಪಾರದರ್ಶಕ ಕೊಳವೆ ಕೊಟ್ಟರೆ, ಗುರುತು ಮರೆಯಾಗುವ ಎತ್ತರವನ್ನು ಎಂಟನೇ ತರಗತಿಯ ಹುಡುಗಿಯೂ ಓದಿ ಹೇಳುತ್ತಾಳೆ. ನಮ್ಮ ಮೇಣದಬತ್ತಿಯ ಉಪಕರಣ ಮಾಡುತ್ತಿದ್ದದ್ದು ಹೆಚ್ಚು ಕಡಿಮೆ ಅದನ್ನೇ.

ಜನ ಹೆದರುತ್ತಾರೆ ಎಂಬುದು ಎರಡನೆಯ ಆಕ್ಷೇಪ. ಹಿರಿಯ ಅಧಿಕಾರಿಗಳ ಬಾಯಲ್ಲಿ ಇದನ್ನು ಬಹಳ ಸಲ ಕೇಳಿದ್ದೇನೆ. ಒಳಹರಿವು ಎರಡು ಲಕ್ಷ ಕ್ಯುಸೆಕ್ ಎಂದು ಓದಿ ಹೆದರದೆ ದನ ಬಿಚ್ಚಿಕೊಂಡು ದಂಡೆ ಬಿಟ್ಟು ಮೇಲಕ್ಕೆ ಬರುವಷ್ಟು ತಿಳಿವಳಿಕೆ ಇರುವ ಜನ, ನಲ್ಲಿಯ ನೀರು 8 ಎನ್‌ಟಿಯು ಎಂದು ಓದಿದರೆ ಕಾಯಿಸಿ ಕುಡಿಯುತ್ತಾರೆ. ಅಷ್ಟೇ. ಹೆದರುವವರು ಬೇರೆಯೇ ಇದ್ದಾರೆ, ಅವರು ಹೆದರುವುದು ಕಾಯಿಲೆಗಲ್ಲ.

ನಮ್ಮವರೂ ಅವರಲ್ಲಿದ್ದಾರೆ, ಅದನ್ನು ಮುಚ್ಚಿಡುವುದಿಲ್ಲ. ಮರಳಿನ ಬೆಡ್ಡು ಕಟ್ಟಿಕೊಂಡಾಗ ಕೆಳಗಿನಿಂದ ನೀರು ಒತ್ತಿ ತೊಳೆಯುತ್ತಾರೆ. ಆ ತೊಳೆದ ನೀರು, ಕ್ಲಾರಿಫೈಯರಿನ ತಳದ ಆಲಂ ಬೆರೆತ ರಾಡಿ, ಇವೆರಡನ್ನೂ ಕೂರಿಸಿ ಒಣಗಿಸಲು ಹಾಸು ಕಟ್ಟಬೇಕೆಂಬ ನಿಯಮವಿದ್ದರೂ ಎಷ್ಟೋ ಕಡೆ ಅದು ಮೋರಿ ಹಿಡಿದು ಮತ್ತೆ ಹೊಳೆಗೇ ಇಳಿಯುತ್ತದೆ. ಮೇಲಿನ ಊರು ಸೋಸಿ ಬಿಟ್ಟ ಮಣ್ಣನ್ನು ಕೆಳಗಿನ ಊರು ಮತ್ತೊಮ್ಮೆ ಆಲಂ ಕೊಂಡು ಸೋಸುತ್ತದೆ. ದಿನಾ ಪೇಪರಿನಲ್ಲಿ ಅಂಕಿ ಬರತೊಡಗಿದರೆ ಇದೂ ಹೊರಬೀಳುತ್ತದೆ: ರಾತ್ರಿ ಪಾಳಿಯಲ್ಲಿ ಒಂದು ಊರಿನ ಕೆಳಗೆ ಬಗ್ಗಡ ಏರುವುದು, ಮಳೆ ಇಲ್ಲದ ಜನವರಿಯಲ್ಲೂ ಏರುವುದು. ಆ ಕಾಲಂ ಬೇಡವೆಂದು ಮೊದಲ ಅರ್ಜಿ ಹಾಕುವವರು ಪ್ರಾಯಶಃ ಫಿಲ್ಟರ್ ಹೌಸಿನವರೇ. ಹಾಕಲಿ. ಅರ್ಜಿಯ ಜೊತೆಗೆ ಕಳೆದ ವರ್ಷದ ಲಾಗ್‌ಬುಕ್ಕನ್ನೂ ಲಗತ್ತಿಸಲು ಹೇಳಿ.